ಬೀಪ್ ಶಬ್ದದಿಂದ ಮುಂದಿನ ಕಾಯಿಲೆ ಗೊತ್ತಾಗುತ್ತಾ? ಇಇಜಿ ಲ್ಯಾಬಿನ ನನ್ನ ಅನುಭವ

ಹಿಂದಿನ ರಾತ್ರಿ ತಲೆಗೆ ಎಣ್ಣೆ ಹಚ್ಚಬೇಡಿ. ಬೆಳಿಗ್ಗೆ ಶಾಂಪೂ ಹಾಕಿ ಸ್ನಾನ ಮಾಡಿ, ಕಂಡಿಷನರ್ ಬೇಡ. ಹೂ ಮುಡಿದುಕೊಂಡು ಬರಬೇಡಿ. ಚೆನ್ನಾಗಿ ನಿದ್ದೆ ಮಾಡಿ. ಇಇಜಿ ಅಂದರೆ ತಲೆಯ ಮೇಲೆ ಇಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಪರೀಕ್ಷೆ; ಅದಕ್ಕೆ ಬರುವವರಿಗೆ ಇಷ್ಟೂ ಫೋನಿನಲ್ಲಿ ಹೇಳಿರುತ್ತೇನೆ, ಆದರೂ ಎಷ್ಟೋ ಹುಡುಗರು ಕೊಬ್ಬರಿ ಎಣ್ಣೆ ಘಮಘಮ ಅನ್ನುತ್ತಲೇ ಬರುತ್ತಾರೆ. ಆಸ್ಪತ್ರೆಗೆ ಹೋಗುವಾಗ ಮಗ ನೀಟಾಗಿ ಕಾಣಲಿ ಅಂತ ಅಮ್ಮನೇ ಹಚ್ಚಿ ಬಾಚಿರುತ್ತಾರೆ, ಬೈಯೋಕೂ ಆಗಲ್ಲ. ಲ್ಯಾಬಿನ ಸಿಂಕಿನಲ್ಲಿ ತಲೆ ತೊಳೆಸಿ, ಒರೆಸಿ, ಆಮೇಲೆ ಇಲೆಕ್ಟ್ರೋಡ್ ಇರುವ ಕ್ಯಾಪ್ ಹಾಕಬೇಕು. ಎಣ್ಣೆ ಇದ್ದರೆ ಇಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ, ನಾವು ಹುಡುಕುತ್ತಿರುವ ಸಿಗ್ನಲ್ ಎಷ್ಟು ಸಣ್ಣದು ಅಂದರೆ ಅಲ್ಲಿ ಕೆಟ್ಟರೆ ಮುಂದೆ ಯಾವ ಸಾಫ್ಟ್‌ವೇರೂ ಉಳಿಸುವುದಿಲ್ಲ.

ನಾನು ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ಇಇಜಿ ರೆಕಾರ್ಡ್ ಮಾಡುವವಳು. ಡಾಕ್ಟರ್ ಅಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಹದಿನಾರರಿಂದ ಇಪ್ಪತ್ತೈದರ ನಡುವಿನವರು. ಯಾರೋ ಹೆಸರು ಹಿಡಿದು ಕರೆದ ಹಾಗೆ ಆಗಾಗ ಅನ್ನಿಸುತ್ತದೆ, ಬಸ್ಸಿನಲ್ಲಿ ಕೂತವರೆಲ್ಲ ನನ್ನನ್ನೇ ನೋಡಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ, ಓದಿನಲ್ಲಿ ಮುಂದಿದ್ದವನು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಇಲ್ಲದ್ದು ಕೇಳಿಸಿ, ಕಾಣಿಸಿ ಅದೇ ನಿಜ ಅಂತ ನಂಬಿಬಿಡುವ ಪೂರ್ತಿ ಸೈಕೋಸಿಸ್ ಅಲ್ಲ. 'ಹೀಗೆ ಅನ್ನಿಸುತ್ತೆ, ಆದ್ರೆ ನಿಜ ಇರಲಿಕ್ಕಿಲ್ಲ' ಅಂತ ಅವರೇ ಹೇಳುತ್ತಾರೆ. ಆ 'ಆದ್ರೆ' ಇನ್ನೂ ಉಳಿದಿರುವ ಹಂತ ಇದು. ಇಂಥವರನ್ನು ಗುರುತಿಸುವ ಸಂದರ್ಶನದ ಪದ್ಧತಿ ತೊಂಬತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾಯಿತು, ಅಮೆರಿಕದ ಯೇಲ್‌ನಲ್ಲೂ ಇಂಥದೇ ಒಂದು ರೂಪುಗೊಂಡಿತು. ಹಾಗೆ ಗುರುತಿಸಿದವರಲ್ಲಿ ಮುಂದಿನ ಎರಡು ಮೂರು ವರ್ಷದಲ್ಲಿ ನಿಜವಾಗಿ ಸೈಕೋಸಿಸ್‌ಗೆ ತಿರುಗುವವರು ಸುಮಾರು ಕಾಲು ಭಾಗ, ಕೆಲವು ಅಧ್ಯಯನಗಳಲ್ಲಿ ಮೂರನೇ ಒಂದು ಭಾಗ. ಅಂದರೆ ಜಾಸ್ತಿ ಜನ ತಿರುಗುವುದಿಲ್ಲ. ಯಾರು ಆ ಕಾಲು ಭಾಗ ಅಂತ ಮೊದಲೇ ತಿಳಿಯುತ್ತಾ ಅನ್ನುವುದೇ ನಮ್ಮ ಲ್ಯಾಬಿನ ಪ್ರಶ್ನೆ.

ನಾವು ಮುಖ್ಯವಾಗಿ ಅಳೆಯುವುದು ಮಿಸ್‌ಮ್ಯಾಚ್ ನೆಗೆಟಿವಿಟಿ. ಲ್ಯಾಬಿನಲ್ಲಿ ಎಲ್ಲರೂ ಎಂಎಂಎನ್ ಅನ್ನುತ್ತೇವೆ. ಫಿನ್ಲೆಂಡಿನ ರಿಸ್ತೊ ನ್ಯಾಟನೆನ್ ಮತ್ತು ಜೊತೆಗಾರರು 1978ರಲ್ಲಿ ಇದನ್ನು ವಿವರಿಸಿದರು. ಮನೆಯವರಿಗೆ ನಾನು ಹೇಳುವುದು ಹೀಗೆ: ರಾತ್ರಿ ಫ್ಯಾನ್ ತಿರುಗುತ್ತಿರುತ್ತದೆ, ಆ ಶಬ್ದ ನಿಮಗೆ ಕೇಳಿಸುತ್ತಲೇ ಇರುವುದಿಲ್ಲ, ಕರೆಂಟ್ ಹೋಗಿ ಫ್ಯಾನ್ ನಿಂತ ತಕ್ಷಣ ಎಚ್ಚರ ಆಗುತ್ತೆ ಅಲ್ವಾ? ನೀವು ಗಮನ ಕೊಡದಿದ್ದರೂ ಮಿದುಳು ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ತಪ್ಪಿದಾಗ ಅದು ಕೊಡುವ ಸಣ್ಣ ಪ್ರತಿಕ್ರಿಯೆಯನ್ನು ನಾವು ಹಿಡಿಯುತ್ತೇವೆ.

ಮಾಡುವ ರೀತಿ ಸರಳ. ಕಿವಿಗೆ ಇಯರ್‌ಫೋನ್. ಒಂದೇ ಥರದ ಬೀಪ್, 50 ಮಿಲಿಸೆಕೆಂಡ್ ಉದ್ದದ್ದು, ಅರ್ಧ ಸೆಕೆಂಡಿಗೊಂದರಂತೆ ಬರುತ್ತಾ ಇರುತ್ತದೆ. ನಡುನಡುವೆ, ನೂರಕ್ಕೆ ಹತ್ತು ಹದಿನೈದು ಸಲ, 100 ಮಿಲಿಸೆಕೆಂಡಿನ ಬೀಪ್ ಬರುತ್ತದೆ. ಕೆಲವು ಸಲ ಉದ್ದದ ಬದಲು ಸ್ವರ ಬದಲಿಸುತ್ತೇವೆ. ಕೂತವರು ಇದನ್ನು ಕೇಳಬೇಕಾಗಿಯೇ ಇಲ್ಲ. ಮುಂದೆ ಶಬ್ದ ಇಲ್ಲದ ವಿಡಿಯೋ ಹಾಕಿರುತ್ತೇವೆ, ಅದನ್ನು ನೋಡುತ್ತಾ ಸುಮ್ನೆ ಕೂತರೆ ಸಾಕು.

ವಿಡಿಯೋ ಯಾವುದು ಅನ್ನುವುದೂ ಸಣ್ಣ ವಿಷಯ ಅಲ್ಲ. ಜನಪ್ರಿಯ ಸಿನಿಮಾ ಮ್ಯೂಟ್ ಮಾಡಿ ಹಾಕಿದರೆ ಡೈಲಾಗ್ ಬಾಯಿಪಾಠ ಇರುವವರು ತುಟಿ ಆಡಿಸುತ್ತಾರೆ, ದವಡೆಯ ಸ್ನಾಯು ಇಇಜಿಯ ತುಂಬಾ ಹುಲ್ಲು ಬೆಳೆದ ಹಾಗೆ ಗೀಚಿಬಿಡುತ್ತದೆ. ಕಾಮಿಡಿ ಹಾಕಿದರೆ ನಗುತ್ತಾರೆ, ಅದೂ ಅಷ್ಟೇ. ತೀರಾ ಬೋರ್ ಹೊಡೆಸುವಂಥದ್ದು ಹಾಕಿದರೆ ನಿದ್ದೆ. ಕಾಡುಪ್ರಾಣಿಗಳ ವಿಡಿಯೋ ಪರವಾಗಿಲ್ಲ, ಆದರೆ ಚಿರತೆ ಬೇಟೆಯಾಡುವ ಭಾಗ ತೆಗೆದು ಹಾಕುತ್ತೇನೆ. ಮೊದಲೇ ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ಹೆದರಿಕೊಂಡ ಹುಡುಗನಿಗೆ ಅದನ್ನು ಯಾಕೆ ತೋರಿಸಬೇಕು?

ಸಿಗ್ನಲ್ ಎಷ್ಟು ಸಣ್ಣದು ಅಂದೆನಲ್ಲ. ಆರೋಗ್ಯವಂತ ಯುವಕರಲ್ಲಿ ಎಂಎಂಎನ್ ಕೆಲವೇ ಮೈಕ್ರೋವೋಲ್ಟ್ (ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ), ಮೂರು, ನಾಲ್ಕು, ಐದು. ಅದೇ ತಲೆಯಲ್ಲಿ ಸುಮ್ನೆ ಕೂತಾಗಲೂ ಏಳುವ ಅಲೆಗಳು 20, 30, 50 ಮೈಕ್ರೋವೋಲ್ಟ್. ಒಂದು ಸಲ ಕಣ್ಣು ಮಿಟುಕಿಸಿದರೆ ನೂರು ದಾಟುತ್ತದೆ. ಹಾಗಾಗಿ ಒಂದು ಬೀಪ್‌ಗೆ ಬಂದ ಪ್ರತಿಕ್ರಿಯೆ ಕಣ್ಣಿಗೆ ಕಾಣುವುದೇ ಇಲ್ಲ. ನಡುನಡುವೆ ಬರುವ ಆ ಬೇರೆ ಥರದ ಬೀಪ್‌ಗಳಿಗೆ ಬಂದದ್ದನ್ನೆಲ್ಲ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆಯಬೇಕು. ನಮಗೆ ಬೇಡದ ಅಲೆಗಳ ಗದ್ದಲ ಬೀಪ್‌ಗಳ ಎಣಿಕೆಯ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ: 200 ಬೀಪ್ ಸಿಕ್ಕರೆ ಸುಮಾರು ಹದಿನಾಲ್ಕು ಪಟ್ಟು. 30 ಇದ್ದದ್ದು 2ಕ್ಕೆ ಬರುತ್ತದೆ. ಆಗ ಮಾತ್ರ ನಾಲ್ಕು ಮೈಕ್ರೋವೋಲ್ಟಿನ ಅಲೆ ತಲೆ ಎತ್ತುತ್ತದೆ. ಹುಡುಗ ಅಲ್ಲಾಡಿ, ಕೆಮ್ಮಿ, ಅರ್ಧದಷ್ಟು ಬೀಪ್‌ಗಳನ್ನು ನಾನು ಬಿಸಾಡಬೇಕಾಗಿ ಬಂದರೆ ಅವನ ಅಲೆ 'ಕಡಿಮೆ'ಯಾ ಅಥವಾ ನನ್ನ ರೆಕಾರ್ಡಿಂಗ್ ಕೆಟ್ಟಿದೆಯಾ ಅಂತ ಬೇರ್ಪಡಿಸುವುದು ಕಷ್ಟ. ಚಡಪಡಿಸುವವರು ಯಾರು? ಹುಷಾರಿಲ್ಲದವರೇ ಜಾಸ್ತಿ. ಹಾಗಾಗಿ ಹುಷಾರಿಲ್ಲದವರು, ಆರೋಗ್ಯವಂತರು ಎರಡೂ ಗುಂಪಿನಲ್ಲಿ ಉಳಿದ ಬೀಪ್‌ಗಳ ಸಂಖ್ಯೆ ಹತ್ತಿರ ಹತ್ತಿರ ಇದೆಯಾ ಅಂತ ನೋಡದೆ ನಾನು ಯಾರ ಗ್ರಾಫನ್ನೂ ನಂಬುವುದಿಲ್ಲ.

ನಾನು ಮಾಡುವ ಇನ್ನೊಂದು ಪರೀಕ್ಷೆ ಹೊಸಬರಿಗೆ ಖಂಡಿತ ಹೇಳಿಕೊಡುತ್ತೇನೆ. ರೆಫರೆನ್ಸ್ ಇಲೆಕ್ಟ್ರೋಡನ್ನು, ಅಂದರೆ ಉಳಿದವನ್ನೆಲ್ಲ ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಅದನ್ನು, ಮೂಗಿನ ತುದಿಗೆ ಹಾಕಿ. ನಿಜವಾದ ಎಂಎಂಎನ್ ಆದರೆ ನೆತ್ತಿಯ ಮುಂಭಾಗದಲ್ಲಿ ಋಣ ದಿಕ್ಕಿಗೆ ಹೋದಾಗ ಕಿವಿಯ ಹಿಂದಿನ ಮೂಳೆಯ ಮೇಲೆ ಅದೇ ಹೊತ್ತಿಗೆ ಧನ ದಿಕ್ಕಿಗೆ ತಿರುಗುತ್ತದೆ. ತಿರುಗದಿದ್ದರೆ ನೀವು ನೋಡುತ್ತಿರುವುದು ಬೇರೆ ಏನೋ. ಹಾಗೆಯೇ ಉದ್ದ ಬದಲಾಗುವ ಬೀಪ್‌ನಲ್ಲಿ ಅಲೆ ಸ್ವಲ್ಪ ತಡವಾಗಿ ಬರುತ್ತದೆ. ಮೊದಲ 50 ಮಿಲಿಸೆಕೆಂಡ್ ಎರಡೂ ಬೀಪ್ ಒಂದೇ ತಾನೇ? ವ್ಯತ್ಯಾಸ ಇದೆ ಅಂತ ಮಿದುಳಿಗೆ ಗೊತ್ತಾಗುವುದೇ ಆಮೇಲೆ.

ಇನ್ನು ಕಿವಿ. ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು. ಕಿವಿಯಲ್ಲಿ ಗುಗ್ಗೆ ತುಂಬಿಕೊಂಡಿದ್ದವರನ್ನು ಇಎನ್‌ಟಿಗೆ ಕಳಿಸಿ ಇನ್ನೊಂದು ದಿನ ಕರೆಸಿದ್ದೂ ಇದೆ. 50 ಹರ್ಟ್ಸ್ ಕರೆಂಟಿನ ಗದ್ದಲ ನಮ್ಮ ಇನ್ನೊಂದು ತಲೆನೋವು, ಅರ್ಥಿಂಗ್ ಸರಿ ಮಾಡಿಸಿ, ಮೊಬೈಲು ಚಾರ್ಜರು ಎಲ್ಲ ಹೊರಗಿಟ್ಟು, ಟ್ಯೂಬ್‌ಲೈಟ್ ಆರಿಸಿ ಕೂರಬೇಕು.

ಸೈಕೋಸಿಸ್ ಮುಖ್ಯ ಲಕ್ಷಣವಾಗಿರುವ ಕಾಯಿಲೆ ಸ್ಕಿಜೋಫ್ರೀನಿಯಾದಲ್ಲಿ ಈ ಅಲೆ ತಗ್ಗಿರುತ್ತದೆ ಅಂತ ಮೊದಲು ಹೇಳಿದ್ದು 1991ರಲ್ಲಿ, ಆಸ್ಟ್ರೇಲಿಯಾದ ತಂಡ. ಆಮೇಲೆ ಬೇಕಾದಷ್ಟು ಕಡೆ ಅದೇ ಸಿಕ್ಕಿತು. 2005ರ ಹೊತ್ತಿಗೆ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ರೋಗಿಗಳ ಗುಂಪಿಗೂ ಆರೋಗ್ಯವಂತರ ಗುಂಪಿಗೂ ಸುಮಾರು ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಒಂದೇ ಗುಂಪಿನವರ ನಡುವೆ ಸಹಜವಾಗಿ ಇರುವ ಏರುಪೇರಿನ ಅಳತೆ) ವ್ಯತ್ಯಾಸ ಕಂಡಿತು. ಮನೋರೋಗ ವಿಜ್ಞಾನದಲ್ಲಿ ಇದು ದೊಡ್ಡದು. ಕಾರಣದ ಸುಳಿವೂ ಇದೆ: ಆರೋಗ್ಯವಂತರಿಗೆ ಕೆಟಮಿನ್ ಅನ್ನುವ ಅರಿವಳಿಕೆ ಔಷಧ ಕೊಟ್ಟು ಮಿದುಳಿನ ಕೋಶಗಳು ಸಂದೇಶ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್ ತಡೆದರೆ ಅವರಲ್ಲೂ ಎಂಎಂಎನ್ ಇಳಿಯುತ್ತದೆ. ನನಗೆ ಈ ಕೆಲಸ ಹಿಡಿಸಿದ್ದೇ ಇದರಿಂದ. ಬಾಯಿಮಾತಿನ ಲಕ್ಷಣಗಳಾಚೆ ಒಂದು ಕೈಗೆ ಸಿಗುವ ಎಳೆ ಇದು.

2011ರಲ್ಲಿ ಜರ್ಮನಿಯ ತಂಡವೊಂದು, ಅಪಾಯದ ಹಂತದಲ್ಲಿದ್ದವರಲ್ಲಿ ಮುಂದೆ ಕಾಯಿಲೆಗೆ ತಿರುಗಿದವರಿಗೆ ಮೊದಲ ರೆಕಾರ್ಡಿಂಗ್‌ನಲ್ಲೇ ಅಲೆ ಚಿಕ್ಕದಿತ್ತು ಅಂತ ಪ್ರಕಟಿಸಿತು. ಎಲ್ಲರಿಗೂ ಹುರುಪು ಬಂತು. ಬೇರೆ ತಂಡಗಳಿಂದಲೂ ಇಂಥ ಫಲಿತಾಂಶಗಳು ಬಂದವು, ಆದರೆ ಒಂದು ಕಡೆ ಉದ್ದದ ಬೀಪ್‌ನಲ್ಲಿ ಕಂಡದ್ದು ಇನ್ನೊಂದು ಕಡೆ ಸ್ವರದ ಬೀಪ್‌ನಲ್ಲಿ ಕಾಣುವುದಿಲ್ಲ. ಪಿ-300 ಅಂತ ಇನ್ನೊಂದು ಅಲೆ ಇದೆ, ಬೇರೆ ಶಬ್ದ ಬಂದಾಗ ಬಟನ್ ಒತ್ತು ಅಂತ ಹೇಳಿ ಅಳೆಯುವುದು. ಉತ್ತರ ಅಮೆರಿಕದ ಹಲವು ಕೇಂದ್ರಗಳು ಸೇರಿ ನಡೆಸಿದ ದೊಡ್ಡ ಅಧ್ಯಯನದಿಂದ 2019ರಲ್ಲಿ ಬಂದ ವರದಿಯ ಪ್ರಕಾರ ಮುಂದೆ ಕಾಯಿಲೆಯಾದವರಲ್ಲಿ ಅದೂ ಮೊದಲೇ ತಗ್ಗಿತ್ತು. ಪಿ-300 ದೊಡ್ಡ ಅಲೆ, ಸುಲಭಕ್ಕೆ ಸಿಗುತ್ತದೆ. ಆದರೆ ಹುಡುಗ ಮನಸ್ಸಿಟ್ಟು ಬಟನ್ ಒತ್ತಬೇಕು. ರಾತ್ರಿಯೆಲ್ಲ ನಿದ್ದೆ ಇಲ್ಲದವನು, ಖಿನ್ನತೆಯಲ್ಲಿ ಇರುವವನು ಒತ್ತುವುದೇ ಇಲ್ಲ. ಎಂಎಂಎನ್‌ಗೆ ಆ ರಗಳೆ ಇಲ್ಲ. ಕೋಮಾದಲ್ಲಿರುವವರಲ್ಲೂ ಹಸುಗೂಸುಗಳಲ್ಲೂ ಅದನ್ನು ರೆಕಾರ್ಡ್ ಮಾಡಿದ್ದಾರೆ.

ಕ್ಯಾಪ್ ಬಿಚ್ಚಿ ಜೆಲ್ ಒರೆಸುವಾಗ ಹೊರಗೆ ಕಾಯುತ್ತಿದ್ದವರು ಒಳಗೆ ಬರುತ್ತಾರೆ.

'ಮೇಡಂ, ಗೊತ್ತಾಯ್ತಾ? ಇವನಿಗೆ ಅದು ಬರುತ್ತಾ ಇಲ್ವಾ?'

'ಇದು ಒಬ್ಬೊಬ್ಬರಿಗೆ ಹೇಳುವ ಪರೀಕ್ಷೆ ಅಲ್ಲಮ್ಮ.'

'ಮತ್ತೆ ಇಷ್ಟೆಲ್ಲ ವೈರ್ ಯಾಕೆ ಹಾಕಿದ್ರಿ?'

ನ್ಯಾಯವಾದ ಪ್ರಶ್ನೆ. ನಾನು ಲೆಕ್ಕ ಹಾಕಿ ತೋರಿಸುತ್ತೇನೆ, ಹಳ್ಳಿಯಿಂದ ಬಂದವರಿಗೂ ಅರ್ಥವಾಗುತ್ತದೆ, ಇಂಜಿನಿಯರ್ ಅಪ್ಪಂದಿರೇ ವಾದ ಮಾಡುವುದು ಜಾಸ್ತಿ. ಸುಮ್ನೆ ಒಂದು ಉದಾಹರಣೆಗೆ ನಮ್ಮ ಪರೀಕ್ಷೆ ನೂರಕ್ಕೆ 80 ಸಲ ಸರಿ ಅಂತಿಟ್ಟುಕೊಳ್ಳಿ, ಕಾಯಿಲೆ ಬರುವವರಲ್ಲೂ ಬಾರದವರಲ್ಲೂ. ಕಾಲೇಜಿನ 10,000 ಮಕ್ಕಳಿಗೆ ಮಾಡಿದೆವು, ಅವರಲ್ಲಿ ನೂರು ಜನಕ್ಕೆ ಮುಂದೆ ಕಾಯಿಲೆ ಬರುವುದಿದೆ ಅಂದುಕೊಳ್ಳೋಣ. ಆ ನೂರರಲ್ಲಿ 80 ಜನರನ್ನು ಹಿಡಿದೆವು. ಉಳಿದ 9,900 ಮಂದಿಯಲ್ಲಿ 1,980 ಮಂದಿಗೆ ತಪ್ಪಾಗಿ ಬೆರಳು ತೋರಿಸಿದೆವು. ಒಟ್ಟು 2,060 ಮಂದಿಗೆ 'ಅಪಾಯ' ಅಂದೆವು, ನಿಜವಾದದ್ದು 80, ನೂರಕ್ಕೆ ನಾಲ್ಕೂ ಇಲ್ಲ. ಅದೇ ಪರೀಕ್ಷೆಯನ್ನು ನಮ್ಮ ಕ್ಲಿನಿಕ್‌ಗೆ ಬಂದವರಲ್ಲಿ, ಅಂದರೆ ಕಾಲು ಭಾಗಕ್ಕೆ ಕಾಯಿಲೆ ಬರುವ ಗುಂಪಿನಲ್ಲಿ ಮಾಡಿದರೆ? ಸಾವಿರದಲ್ಲಿ 250 ಜನ, ಅವರಲ್ಲಿ 200 ಸಿಗುತ್ತಾರೆ, ಉಳಿದ 750ರಲ್ಲಿ 150 ತಪ್ಪು. 350ಕ್ಕೆ 200 ಸರಿ, ಅರ್ಧಕ್ಕಿಂತ ಸ್ವಲ್ಪ ಮೇಲೆ. ನಾಣ್ಯ ಹಾರಿಸುವುದಕ್ಕಿಂತ ಪರವಾಗಿಲ್ಲ, ಆದರೆ ಒಬ್ಬ ಹುಡುಗನ ಹಣೆಬರಹ ಬರೆಯುವಷ್ಟಲ್ಲ. ಎಂಎಂಎನ್ ಒಂದೇ 80ರ ಮಟ್ಟ ಮುಟ್ಟುತ್ತದೆ ಅಂತಲೂ ನಾನು ಹೇಳುತ್ತಿಲ್ಲ.

ಮತ್ತೆ ಈ ಅಲೆ ತಗ್ಗಲು ಸೈಕೋಸಿಸ್ಸೇ ಬೇಕು ಅಂತಿಲ್ಲ. ವಯಸ್ಸಾದರೆ ತಗ್ಗುತ್ತದೆ. ಕುಡಿದಿದ್ದರೆ ತಗ್ಗುತ್ತದೆ. ಮನಸ್ಥಿತಿ ತೀರಾ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇರುವವರಲ್ಲೂ ಸ್ವಲ್ಪ ತಗ್ಗಿದ್ದು ಕಂಡಿದೆ. ಇದ್ಯಾವುದನ್ನೂ ಕೇಳದೆ ಒಂದು ಕುಟುಂಬಕ್ಕೆ ಯಾರೋ ಕೆಂಪು ನೀಲಿ ಬಣ್ಣದ 'ಬ್ರೈನ್ ಮ್ಯಾಪ್' ಪ್ರಿಂಟ್ ಕೊಟ್ಟು ದುಡ್ಡು ತೆಗೆದುಕೊಂಡಿದ್ದರು, ಕೆಂಪು ಇರುವ ಕಡೆ ತೊಂದರೆ ಇದೆ ಅಂತ ಹೇಳಿ. ಆ ಕೆಂಪು ಕಣ್ಣು ಮಿಟುಕಿಸಿದ್ದಿರಬೇಕು ಅಂತ ನನ್ನ ಅನುಮಾನ, ಹಣೆಯ ಎರಡೂ ಬದಿಗೆ ಸಮವಾಗಿ ಇತ್ತು. ಹುಡುಗನ ಅಕ್ಕ ಅದನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದಳು.

ನಮ್ಮ ಡಾಕ್ಟರ್‌ಗಳು ಮುಂದಿನ ಹೆಜ್ಜೆ ನಿರ್ಧರಿಸುವುದು ಅಲೆ ನೋಡಿ ಅಲ್ಲ. ಮಾತಾಡಿ, ಹುಡುಗ ಜನರ ಜೊತೆ ಎಷ್ಟು ಬೆರೆಯುತ್ತಿದ್ದಾನೆ, ಅನುಮಾನ ಎಷ್ಟು ಗಟ್ಟಿಯಾಗಿದೆ, ಕೇಳಿಸಿದ ಪದಗಳನ್ನು ಎಷ್ಟು ನೆನಪಿಡುತ್ತಾನೆ ಅಂತ ನೋಡಿ. 2016ರಲ್ಲಿ ಅದೇ ಉತ್ತರ ಅಮೆರಿಕದ ತಂಡ ಇಂಥ ಅಂಶಗಳಿಂದಲೇ ಅಪಾಯ ಲೆಕ್ಕ ಹಾಕುವ ಒಂದು ಕ್ಯಾಲ್ಕುಲೇಟರ್ ಮಾಡಿತು, ಅದರಲ್ಲಿ ಇಇಜಿ ಇಲ್ಲವೇ ಇಲ್ಲ, ಆದರೂ ಸುಮಾರಾಗಿ ಕೆಲಸ ಮಾಡುತ್ತದೆ. ಲಕ್ಷಗಟ್ಟಲೆ ಬೆಲೆಯ ಆಂಪ್ಲಿಫೈಯರ್ ಮುಂದೆ ಕೂತವಳಿಗೆ ಇದು ಸ್ವಲ್ಪ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ. ನನ್ನ ಮಟ್ಟಿಗೆ ಈಗ ಕೇಳಬೇಕಾದ ಪ್ರಶ್ನೆ, ಆ ಪೇಪರ್ ಪೆನ್ಸಿಲ್ ಲೆಕ್ಕದ ಮೇಲೆ ಎಂಎಂಎನ್ ಹೊಸದಾಗಿ ಏನಾದರೂ ಸೇರಿಸುತ್ತದಾ ಅನ್ನುವುದು. ಗುಂಪುಗಳ ನಡುವೆ ವ್ಯತ್ಯಾಸ ಇದೆ ಅಂತ ಇನ್ನೊಂದು ಸಲ ತೋರಿಸಿ ಏನೂ ಪ್ರಯೋಜನ ಇಲ್ಲ.

ಮನೆಯವರಿಗೆ ನಾನು ಹೇಳುವುದು ಅಲೆಗೆ ಸಂಬಂಧವೇ ಇಲ್ಲದ ಮಾತುಗಳು: ಗಾಂಜಾ ಬಿಡಿಸಿ, ನಿದ್ದೆ ಸರಿಮಾಡಿ, ಗಾಳಿ ಸೋಕಿದೆ ಅಂತ ಊರೂರು ಸುತ್ತಿಸಬೇಡಿ, ಫಾಲೋಅಪ್ ತಪ್ಪಿಸಬೇಡಿ. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈ ಫಾಲೋಅಪ್ ನಮಗೂ ಬೇಕು, ಅಲ್ಲೇ ನಾವು ಒದ್ದಾಡುತ್ತಿರುವುದು. ಮೊದಲ ದಿನದ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿರಲಿ, ಎರಡು ವರ್ಷದ ನಂತರ ಆ ಹುಡುಗ ಹೇಗಿದ್ದಾನೆ ಅಂತ ಗೊತ್ತಾಗದಿದ್ದರೆ ಅದು ಬರೀ ಫೈಲು. ಫೋನ್ ಮಾಡಿದರೆ ನಂಬರ್ ಬದಲಾಗಿರುತ್ತದೆ, ಮನೆ ಖಾಲಿ ಮಾಡಿರುತ್ತಾರೆ, ಅಥವಾ ಅಪ್ಪ ಎತ್ತಿ 'ಅವನು ಚೆನ್ನಾಗಿದ್ದಾನೆ, ಕೆಲಸ ಸಿಕ್ಕಿದೆ, ಇನ್ನು ಫೋನ್ ಮಾಡ್ಬೇಡಿ' ಅಂತ ಇಡುತ್ತಾರೆ. ಪೂರ್ತಿ ಹುಷಾರಾದವರೂ ಬರುವುದಿಲ್ಲ, ತೀರಾ ಹದಗೆಟ್ಟವರೂ ಬರುವುದಿಲ್ಲ. ಬರುವವರು ನಡುವಿನವರು. ಅವರ ಅಲೆಗಳನ್ನಷ್ಟೇ ಇಟ್ಟುಕೊಂಡು ಇದು ಮುಂಚೆಯೇ ಹೇಳುತ್ತದೆ ಅಥವಾ ಹೇಳುವುದಿಲ್ಲ ಅಂತ ಬರೆಯಲು ಬರುವುದಿಲ್ಲ. ಅದಕ್ಕೆ ಈಗ ನಾನು ಮೊದಲ ದಿನವೇ ಮೂರು ಫೋನ್ ನಂಬರ್ ಕೇಳುತ್ತೇನೆ, ಒಪ್ಪಿಗೆ ಪತ್ರದಲ್ಲಿ ಹುಡುಗನ ಸಹಿ ಹಾಕಿಸಿಕೊಂಡೇ. ಒಂದು ಅವನದು, ಒಂದು ಮನೆಯವರದು, ಇನ್ನೊಂದು ಅವನು ಇಂಥವರಿಗೆ ಮಾಡಿ ಅಂತ ತಾನೇ ಆರಿಸಿದವರದು. ಮೂರನೆಯದರಿಂದಲೇ ಜಾಸ್ತಿ ಸಲ ಉತ್ತರ ಸಿಗುವುದು.