ಜೊಳ್ಳು, ಕಾಳು ಮತ್ತು ನನ್ನ ಟ್ಯೂಬು
ಶಿರಸಿಯ ಒಂದು ಚಿಕ್ಕ ಲ್ಯಾಬಿನಲ್ಲಿ ಐಯುಐಗೆ, ಅಂದರೆ ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆಗೆ, ವೀರ್ಯ ತಯಾರು ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ಯಾವ ಸ್ಯಾಂಪಲ್ ಬಂದರೂ ಸ್ವಿಮ್‌-ಅಪ್ ಒಂದನ್ನೇ ಮಾಡುತ್ತಿದ್ದೆ. ವೀರ್ಯದ ಮೇಲೆ ಮೆಲ್ಲಗೆ ಮೀಡಿಯಾ (ವೀರ್ಯಾಣುಗಳಿಗೆ ಒಗ್ಗುವ ಪೋಷಕ ದ್ರವ) ಬಿಟ್ಟು, ಟ್ಯೂಬನ್ನು 45 ಡಿಗ್ರಿ ಓರೆ ಮಾಡಿ, 37 ಡಿಗ್ರಿ ಬಿಸಿಯಲ್ಲಿ ಒಂದು ತಾಸು ಇಟ್ಟರಾಯ್ತು. ಚುರುಕಾದ ವೀರ್ಯಾಣುಗಳು ತಾವೇ ಈಜಿ ಮೇಲೆ ಬರುತ್ತವೆ.

ಕುಮಟಾ ಕಡೆಯ ಒಬ್ಬ ರೈತರು ಬಂದಾಗಲೂ ಅದನ್ನೇ ಮಾಡಿದೆ. ಅವರ ವೀರ್ಯಾಣು ಎಣಿಕೆ ಮಿಲಿಗೆ 90 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಗಿನ ಮಿತಿ 1.6 ಕೋಟಿ. ಮೇಲೆ ಬಂದದ್ದು ಏನೇನೂ ಸಾಲಲಿಲ್ಲ. ಆ ತಿಂಗಳು ಹಾಳಾಯಿತು. ಅವರ ಹೆಂಡತಿ ಒದ್ದೆ ಕೊಡೆ ಹಿಡಿದು ಸುಮ್ನೆ ಕೂತಿದ್ದರು. ಆ ಮುಖ ಮರೆತಿಲ್ಲ.

ಮುಂದಿನ ಸಲ ಗ್ರೇಡಿಯೆಂಟ್ ಮಾಡಿದೆ, ಅಂದರೆ ಬೇರೆ ಬೇರೆ ಸಾಂದ್ರತೆಯ ದ್ರಾವಣಗಳನ್ನು ಪದರ ಪದರವಾಗಿಟ್ಟು ಅವುಗಳ ಮೂಲಕ ವೀರ್ಯಾಣು ಬೇರ್ಪಡಿಸುವುದು. ತಳಕ್ಕೆ ಶೇಕಡಾ 80ರ ದ್ರಾವಣ ಒಂದು ಮಿಲಿ, ಅದರ ಮೇಲೆ 40ರದ್ದು ಒಂದು ಮಿಲಿ. ಪಿಪೆಟ್ ತುದಿಯನ್ನು ಟ್ಯೂಬಿನ ಗೋಡೆಗೆ ತಾಗಿಸಿ ಹನಿ ಹನಿಯಾಗಿ ಬಿಡಬೇಕು. ಬೆಳಕಿಗೆ ಹಿಡಿದರೆ ನಡುವೆ ಕೂದಲಿನಂಥ ಗೆರೆ ಕಾಣಬೇಕು. ಕೈ ನಡುಗಿ ಗೆರೆ ಕದಡಿತೋ, ಚೆಲ್ಲಿ ಮತ್ತೆ ಮೊದಲಿಂದ. ಎಲ್ಲಕ್ಕೂ ಮೇಲೆ ವೀರ್ಯ, ಆಮೇಲೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 300 ಜಿ ಬಲದಲ್ಲಿ (ಗುರುತ್ವದ 300 ಪಟ್ಟು) 20 ನಿಮಿಷ ತಿರುಗಿಸುವುದು.

'ಈ ಸಲ ಏನು ಬೇರೆ ಮಾಡ್ತೀರಿ ಮೇಡಂ?' ಅಂದರು ಆ ರೈತರು.

'ಬಿತ್ತನೆ ಭತ್ತ ಉಪ್ಪು ನೀರಿಗೆ ಹಾಕ್ತೀರಲ್ವಾ, ಹಾಗೇ.'

'ಓ, ಜೊಳ್ಳು ತೇಲ್ತದೆ, ಗಟ್ಟಿ ಕಾಳು ಅಡಿಗೆ ಹೋಗ್ತದೆ!'

ನಿಜಕ್ಕೂ ಅಷ್ಟೇ. ಸತ್ತವು, ಕಸ, ಬಿಳಿ ರಕ್ತಕಣ ಹೆಚ್ಚಾಗಿ ಮೇಲೇ ಉಳಿಯುತ್ತವೆ. ತಳದಲ್ಲಿ ಸುಣ್ಣದ ಚುಕ್ಕೆಯಷ್ಟು ಗಟ್ಟಿ ಉಳಿಯಿತು. ಅದನ್ನು ಹೊಸ ಟ್ಯೂಬಿಗೆ ತೆಗೆದು, ಮೀಡಿಯಾದಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೆಚ್ಚಿನವು ನೇರ ಓಡುತ್ತಿದ್ದವು. ನನಗೇ ಕಣ್ಣು ತುಂಬಿತು.

ಮನೆಯಿಂದ ಸ್ಯಾಂಪಲ್ ತರಬಹುದಾ ಅಂತ ಕರಾವಳಿಯವರು ಕೇಳುತ್ತಾರೆ. ಮೈ ಬಿಸಿಯಲ್ಲೇ ಒಂದು ತಾಸಿನೊಳಗೆ ತಲುಪಬೇಕು. ದೇವಿಮನೆ ಘಾಟಿ ಹತ್ತಿ ಬರುವಷ್ಟರಲ್ಲಿ ಅದು ಆಗದ ಮಾತು. ನಾಚಿಕೆ ಬೇಡ, ಇಲ್ಲೇ ಚಿಲಕವಿರುವ ಕೋಣೆ ಇದೆ ಅನ್ನುತ್ತೇನೆ.

ಪಿಕ್ಸಿ ಮಾಡಿಸಿದರೆ ಒಳ್ಳೆಯದಂತೆ ಅಂತಲೂ ಕೇಳುತ್ತಾರೆ. ಪಿಕ್ಸಿ ಅಂದರೆ ಬಲಿತ ವೀರ್ಯಾಣುವನ್ನು ಆರಿಸುವ ಒಂದು ವಿಧಾನ. ಅದು ಇಕ್ಸಿ, ಅಂದರೆ ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವ ಚಿಕಿತ್ಸೆ, ಮಾಡಿಸುವವರಿಗೆ ಮಾತ್ರ. ಬ್ರಿಟನ್ನಿನಲ್ಲಿ 2,700ಕ್ಕೂ ಜಾಸ್ತಿ ದಂಪತಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮಗು ಹುಟ್ಟುವ ಪ್ರಮಾಣ ಅದರಿಂದ ಹೆಚ್ಚಲಿಲ್ಲ. ಸಾಲ ಮಾಡಿ ಬರುವವರಿಗೆ ಇದನ್ನು ಮೊದಲೇ ಹೇಳುತ್ತೇನೆ.

ಕುಮಟಾದವರಿಗೆ ಗ್ರೇಡಿಯೆಂಟ್ ಮಾಡಿದ ಆ ತಿಂಗಳೂ ಗರ್ಭ ನಿಲ್ಲಲಿಲ್ಲ. ಮುಂದಿನ ತಿಂಗಳು ಮತ್ತೆ ಬಂದರು. ಮೊದಲು ಒಂದು ಹನಿ ನೋಡಿ, ಎಣಿಸಿ, ಗ್ರೇಡಿಯೆಂಟಿಗೇ ಇಟ್ಟೆ.