ಹಳೇ ಮನೆ ರಿನೋವೇಶನ್ ಕೆಲಸದಲ್ಲಿ ನಾನು ನೆಲೆ ನಿಂತಿದ್ದು ಹೀಗೆ

ಬೆಂಗಳೂರಿನಲ್ಲಿ ಹಳೇ ಮನೆಗಳನ್ನು ರಿನೋವೇಶನ್ ಮಾಡಿಕೊಡುವುದು ನನ್ನ ಕೆಲಸ. ರಾಜಾಜಿನಗರ, ಮಲ್ಲೇಶ್ವರ, ಬಸವನಗುಡಿ, ಜಯನಗರ, ಹೆಚ್ಚಾಗಿ ಈ ಕಡೆಯ ಮನೆಗಳೇ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರು ಆಗಾಗ ಕೇಳುತ್ತಾರೆ, ಗಿರಾಕಿಗಳನ್ನು ಹೇಗೆ ಹಿಡಿದಿರಿ ಅಣ್ಣ ಅಂತ. ಗಿರಾಕಿ ಸಿಗುತ್ತಾರೆ. ಸೋರುವ ಮನೆಗಳಿಗೆ ಈ ಊರಲ್ಲಿ ಬರವಿಲ್ಲ. ಕಷ್ಟ ಇರುವುದು ದುಡ್ಡನ್ನು ಹಿಡಿತದಲ್ಲಿಟ್ಟುಕೊಂಡು ಒಪ್ಪಿಕೊಂಡ ಕೆಲಸ ಮುಗಿಸುವುದರಲ್ಲಿ.

ನಾನು ಮೊದಲು ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ದಿನಾ ನೋಡಿದ್ದು ಇದನ್ನೇ: ಒಂದು ಮನೆಯ ಅಡ್ವಾನ್ಸ್ ಇನ್ನೊಂದು ಮನೆಯ ಟೈಲ್ಸ್‌ಗೆ ಹೋಗುತ್ತಿತ್ತು, ಆ ಮನೆಯವರು ಕೊಟ್ಟಿದ್ದು ಮೂರನೇ ಮನೆಯ ಕೂಲಿಗೆ ಹೋಗುತ್ತಿತ್ತು, ಎಲ್ಲೋ ಒಂದು ಕಡೆ ಪೇಮೆಂಟ್ ತಡವಾದರೆ ಮೂರೂ ಕಡೆ ಕೆಲಸ ನಿಂತುಹೋಗುತ್ತಿತ್ತು. ಗಾರೆಯವರು ಬೇರೆ ಸೈಟ್ ನೋಡಿಕೊಳ್ಳುತ್ತಿದ್ದರು. ಮನೆಯವರು ಫೋನ್ ಮಾಡಿ ಮಾಡಿ ಸುಸ್ತಾಗುತ್ತಿದ್ದರು. ಈ ಲೈನಲ್ಲಿ ಮುಳುಗಿದವರಲ್ಲಿ ಜಾಸ್ತಿ ಜನ ಮುಳುಗಿದ್ದು ಹೀಗೇ, ಕೆಲಸ ಬರದೆ ಅಲ್ಲ.

ಅದಕ್ಕೇ ಸ್ವಂತಕ್ಕೆ ಶುರು ಮಾಡಿದ ದಿನದಿಂದ ಒಂದೊಂದು ಮನೆಗೂ ಒಂದೊಂದು ಪುಸ್ತಕ, ಒಂದೊಂದು ಲೆಕ್ಕ. ಆ ಮನೆಯ ದುಡ್ಡು ಆ ಮನೆಗೇ. ಕೆಲಸ ಒಪ್ಪಿಕೊಂಡಾಗ 20 ಪರ್ಸೆಂಟ್ ತಗೊಳ್ಳುತ್ತೇನೆ, ಆಮೇಲೆ ಒಡೆಯೋದು, ಪೈಪ್ ಮತ್ತು ವೈರಿಂಗ್, ಪ್ಲಾಸ್ಟರಿಂಗ್, ಟೈಲ್ಸ್ ಅಂತ ಒಂದೊಂದು ಹಂತ ಮುಗಿದ ಹಾಗೆ ಉಳಿದದ್ದು. ಕೊನೆಯ 10 ಪರ್ಸೆಂಟ್ ಮನೆಯವರು ಒಂದು ತಿಂಗಳು ಬಳಸಿ ನೋಡಿದ ಮೇಲೆ. ಇದನ್ನು ಕೇಳಿ ಬೇರೆ ಕಂಟ್ರಾಕ್ಟರ್‌ಗಳು ನಗುತ್ತಾರೆ, ಆ ದುಡ್ಡು ವಾಪಸ್ ಬರುತ್ತಾ ಅಂತ. ನನಗೆ ಬಂದಿದೆ.

ಶನಿವಾರ ಸಂಜೆ ಬಟವಾಡೆ ತಪ್ಪಿಸಿಲ್ಲ. ನನ್ನ ಹತ್ತಿರ ಇರುವವರಲ್ಲಿ ಸುಮಾರು ಜನ ರಾಯಚೂರು, ಯಾದಗಿರಿ ಕಡೆಯವರು. ವಾರದ ಕೂಲಿ ನಂಬಿಕೊಂಡು ಸಂಸಾರ ನಡೆಸುವವರು. ಅವರಿಗೆ ಸೋಮವಾರ ಕೊಡ್ತೀನಿ ಅಂದರೆ ಸೋಮವಾರ ಅವರು ಬರೋದೂ ಇಲ್ಲ, ಬರಬೇಕು ಅಂತ ಕೇಳೋ ಹಕ್ಕೂ ನಮಗಿಲ್ಲ.

ಶುರುವಿನಲ್ಲಿ ಕೆಲಸ ಇಲ್ಲದ ತಿಂಗಳುಗಳಿದ್ದವು. ಬೆಳಿಗ್ಗೆ ಎದ್ದು ಹಾರ್ಡ್‌ವೇರ್ ಅಂಗಡಿ, ಟೈಲ್ಸ್ ಅಂಗಡಿ ಸುತ್ತುತ್ತಿದ್ದೆ. ಬಾಗಿಲು ಸರಿ ಮಾಡೋದು, ಒಂದು ನಲ್ಲಿ ಬದಲಾಯಿಸೋದು, ಗೋಡೆ ಒದ್ದೆಯಾದದ್ದು ನೋಡೋದು, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ, ಏಪ್ರಿಲ್ ಮೇನಲ್ಲಿ, ಟೆರೇಸ್ ವಾಟರ್‌ಪ್ರೂಫಿಂಗ್ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಆ ಮನೆಗಳಿಗೆ ನಾನೇ ಹೋಗಿ ಸೀಲಿಂಗ್ ನೋಡಿ ಬರುತ್ತಿದ್ದೆ. ಯಾರೂ ಕರೆದಿರುತ್ತಿರಲಿಲ್ಲ. ದೊಡ್ಡ ಕೆಲಸಗಳು ಬಂದಿದ್ದು ಆ ಮನೆಗಳಿಂದಲೇ, ಇಲ್ಲ ಅವರ ಪಕ್ಕದ ಮನೆಗಳಿಂದ.

ಈಗ ಬಾತ್‌ರೂಮ್ ವಿಷಯ. ನನ್ನ ಹೆಸರು ಉಳಿಸಿದ್ದು ಅದೇ. ಹಳೇ ನೆಲ ಕಿತ್ತು, ಗೋಡೆಯೊಳಗೆ ತುಕ್ಕು ಹಿಡಿದ ಕಬ್ಬಿಣದ ಜಿಐ ಪೈಪ್ ತೆಗೆದು ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪ್ ಹಾಕಿ, ಗೋಡೆ ಮುಚ್ಚುವ ಮುಂಚೆ ಪ್ರೆಷರ್ ಟೆಸ್ಟ್ ಮಾಡುತ್ತೇನೆ, ಅಂದರೆ ಪೈಪಿನಲ್ಲಿ ಒತ್ತಡದಲ್ಲಿ ನೀರು ತುಂಬಿ ಎಲ್ಲಾದರೂ ಸೋರುತ್ತಾ ಅಂತ ನೋಡುತ್ತೇನೆ. ಆಮೇಲೆ ಗೋಡೆ ನೆಲ ಸೇರುವ ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ಮಾಡಿ, ವಾಟರ್‌ಪ್ರೂಫಿಂಗ್ ಎರಡು ಕೋಟ್, ಮೊದಲನೆಯದು ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ. ಒಣಗಿದ ಮೇಲೆ ಟ್ರ್ಯಾಪ್ ಬಾಯಿ, ಅಂದರೆ ನೆಲದ ನೀರು ಹೊರಹೋಗುವ ತೂತು, ಬಿಗಿಯಾಗಿ ಮುಚ್ಚಿ 48 ಗಂಟೆ ನೀರು ನಿಲ್ಲಿಸುತ್ತೇನೆ, ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದು.

ಒಂದು ಮನೆಯಲ್ಲಿ ಮೇಲಿನ ಬಾತ್‌ರೂಮಿಗೆ ನೀರು ನಿಲ್ಲಿಸಿದ್ದೆವು, ಕೆಳಗೆ ಅಡುಗೆಮನೆ. ಮಗಳ ಸೀಮಂತ ಹತ್ತಿರ ಬಂದಿತ್ತು. ಯಜಮಾನರಿಗೆ ಅವಸರ. "ಒಂದು ದಿನ ನಿಂತಿದ್ದು ಸಾಲದೇನ್ರೀ? ಟೈಲ್ಸ್ ಶುರು ಮಾಡಿಸಿಬಿಡಿ" ಅಂದರು. "ಇನ್ನೊಂದು ದಿನ ಬಿಡಿ ಸಾರ್, ದಮ್ಮಯ್ಯ" ಅಂದೆ. ಮಾರನೇ ದಿನ ಹೋಗಿ ನೋಡಿದರೆ ನೀರು ಗೆರೆಗಿಂತ ಒಂದು ಬೆರಳು ಇಳಿದಿತ್ತು, ಅಡುಗೆಮನೆ ಸೀಲಿಂಗ್‌ನಲ್ಲಿ ಸರಿಯಾಗಿ ಟ್ರ್ಯಾಪ್ ಕೆಳಗೆ ಅಂಗೈ ಅಗಲ ಒದ್ದೆ. ಪೈಪ್ ಸ್ಲ್ಯಾಬ್ ದಾಟುವ ಜಾಗ ಬಿಡಿಸಿ, ಮತ್ತೆ ಗಟ್ಟಿ ಮಾಡಿ, ಮತ್ತೆ 48 ಗಂಟೆ ನಿಲ್ಲಿಸಿದೆವು. ಆಮೇಲೆ ಅವರು ತಮ್ಮ ತಂಗಿ ಮನೆ ಕೆಲಸವನ್ನೂ ನನಗೇ ಕೊಡಿಸಿದರು. ಅಲ್ಲಿ ನೀರು ನಿಲ್ಲಿಸುವ ಮಾತು ಅವರೇ ಮೊದಲು ಎತ್ತಿದರು!

ಕೆಲವು ಕೆಲಸ ಬಿಟ್ಟೂ ಬಿಟ್ಟಿದ್ದೇನೆ. ಹಾಲ್ ದೊಡ್ಡದಾಗಬೇಕು, ನಡುವಿನ ಗೋಡೆ ತೆಗೀರಿ ಅಂತಾರೆ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಪಿಲ್ಲರ್ ಇರುವುದಿಲ್ಲ, 9 ಇಂಚಿನ ಇಟ್ಟಿಗೆ ಗೋಡೆಯೇ ಛಾವಣಿ ಹೊತ್ತಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದು ಕೊಡದೆ ನಾನು ಅಂಥ ಗೋಡೆಗೆ ಸುತ್ತಿಗೆ ಹಾಕುವುದಿಲ್ಲ. ಎಂಜಿನಿಯರ್ ಖರ್ಚು ಸುಮ್ನೆ ಯಾಕೆ ಅನ್ನುವವರ ಕೆಲಸ ಬೇರೆಯವರಿಗೆ ಹೋಗುತ್ತದೆ, ಹೋಗಲಿ.

"ಹಾಗೇ ಇದೊಂದು ಮಾಡಿಕೊಟ್ಟುಬಿಡಿ" ಅನ್ನೋ ಮಾತು ಬರದ ಮನೆಯಿಲ್ಲ. ಮಾಡಿಕೊಡುತ್ತೇನೆ, ಆದರೆ ಅವತ್ತೇ ಪುಸ್ತಕದಲ್ಲಿ ರೇಟು ಸಮೇತ ಬರೆದು ಸಹಿ ಹಾಕಿಸುತ್ತೇನೆ. ಮೊದಲು ಸಂಕೋಚ ಆಗುತ್ತೆ ನಿಜ, ಆದರೆ ಕೊನೇ ಬಿಲ್ ದಿನ ಜಗಳ ಇರಲ್ಲ. ಗೋಡೆ ಮುಚ್ಚುವ ಮುಂಚೆ ಪೈಪು, ವೈರು ಎಲ್ಲೆಲ್ಲಿ ಹೋಗಿದೆ ಅಂತ ಟೇಪ್ ಹಿಡಿದು ಫೋಟೋ ತೆಗೆದು ಮನೆಯವರಿಗೂ ಕಳಿಸುತ್ತೇನೆ. ಗೀಸರ್ ಹಾಕುವವನು ಡ್ರಿಲ್ ಹಿಡಿದು ನಿಂತಾಗ ಆ ಫೋಟೋ ಬೇಕಾಗುತ್ತೆ.

ಈಗ ಒಂದೇ ಸಲಕ್ಕೆ ಎರಡು ಸೈಟ್ ಮಾತ್ರ ನಡೆಸುತ್ತೇನೆ. ಬೆಳಿಗ್ಗೆ ಗಾರೆಯವರು ಬರುವ ಹೊತ್ತಿಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ನಾನೇ ಇರಬೇಕು. ಮೂರನೆಯವರು ಬಂದರೆ ಯಾವ ತಿಂಗಳಿಂದ ಆಗುತ್ತೆ ಅಂತ ಹೇಳುತ್ತೇನೆ, ಅಡ್ವಾನ್ಸ್ ಕೊಡಕ್ಕೆ ಬಂದರೂ ಕೆಲಸ ಶುರುವಾಗುವವರೆಗೆ ಮುಟ್ಟುವುದಿಲ್ಲ. ಕಾಯುವವರು ಕಾಯುತ್ತಾರೆ.