ನೀರಿನಲ್ಲಿ ಇ.ಕೋಲಿ ಹಿಡಿಯುವ ಪೆಟ್ಟಿಗೆ ಕಟ್ಟಿದ್ದು: ನನ್ನ ಅನುಭವ

ಟಿಡಿಎಸ್ ಮೀಟರ್ ಅದ್ದಿ "ನೀರು ಚೆನ್ನಾಗಿದೆ" ಅನ್ನುವವರನ್ನು ಕಂಡರೆ ನನಗೆ ಚಿಂತೆ ಆಗುತ್ತದೆ. ಆ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಅನ್ನುವುದನ್ನು. ಅದರಿಂದ ಕರಗಿದ ಉಪ್ಪಿನ ಅಂದಾಜು ಸಿಗುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಗೊತ್ತಾಗುವುದಿಲ್ಲ. ಪಿಎಚ್ ಸೆನ್ಸರ್‌ಗೂ ಗೊತ್ತಾಗುವುದಿಲ್ಲ. ನೀರಿನ ಕದಡು ಅಳೆಯುವ ಟರ್ಬಿಡಿಟಿ ಸೆನ್ಸರ್ ಒಂದು ಸುಳಿವು ಕೊಡಬಹುದು, ಆದರೆ ಪೂರ್ತಿ ತಿಳಿಯಾದ ನೀರಿನಲ್ಲೂ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿ ಕುಡಿಯುವ ನೀರಿನಲ್ಲಿ ಇ.ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು. ಇಷ್ಟು ನೀರಿನಲ್ಲಿ ಒಂದೇ ಒಂದು ಇದ್ದರೆ ಅದನ್ನು ನೇರವಾಗಿ ನೋಡುವುದು ಅಗ್ಗದ ಸೆನ್ಸರ್‌ನ ಕೈಲಿ ಆಗದ ಕೆಲಸ. ಅದಕ್ಕೇ ನಾನು ಬ್ಯಾಕ್ಟೀರಿಯಾವನ್ನು ಬೆಳೆಯಲು ಬಿಟ್ಟೆ. ಸೆನ್ಸರ್‌ನ ಕೆಲಸ ಆ ಬೆಳವಣಿಗೆಯನ್ನು ಕಾಯುವುದು ಮಾತ್ರ.

ಇ.ಕೋಲಿಯಲ್ಲಿ ಗ್ಲುಕುರೊನಿಡೇಸ್ ಅನ್ನುವ ಕಿಣ್ವ ಇದೆ. ಎಂಯುಜಿ ಅನ್ನುವ ವಸ್ತು ಬೆರೆಸಿದ ಪೋಷಕ ಪುಡಿಯನ್ನು ನೀರಿಗೆ ಹಾಕಿದರೆ, ಕಿಣ್ವ ಅದನ್ನು ಒಡೆಯುತ್ತದೆ, ಒಡೆದು ಬಂದ ಭಾಗ 365 ನ್ಯಾನೋಮೀಟರ್ ಯುವಿ (ಅತಿನೇರಳೆ) ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಲ್ಯಾಬ್‌ನವರು ಒಂದು ದಿನ ಕಾದು ಕಣ್ಣಲ್ಲಿ ನೋಡುತ್ತಾರೆ. ನಾನು ಅಲ್ಲಿ ಸೆನ್ಸರ್ ಕೂರಿಸಿದೆ.

ಬಾಟಲಿಗೆ ಒಂದು ಬದಿಯಿಂದ ಯುವಿ ಎಲ್‌ಇಡಿ, ಅದಕ್ಕೆ 90 ಡಿಗ್ರಿ ಕೋನದಲ್ಲಿ ಲೈಟ್ ಸೆನ್ಸರ್. ಸೆನ್ಸರ್ ಮುಂದೆ ಯುವಿ ತಡೆದು ನೀಲಿ ಬಿಡುವ ಫಿಲ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಎಲ್‌ಇಡಿಯ ಬೆಳಕೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹೀಟರ್, ಡಿಎಸ್18ಬಿ20 ತಾಪಮಾನ ಸೆನ್ಸರ್ ಮತ್ತು ಇಎಸ್‌ಪಿ32 ಅನ್ನುವ ಪುಟ್ಟ ಕಂಟ್ರೋಲರ್ ಸೇರಿ ಬಾಟಲಿಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತವೆ. ಎಲ್‌ಇಡಿ ಆರಿದಾಗ ಒಂದು ರೀಡಿಂಗ್, ಉರಿದಾಗ ಒಂದು ರೀಡಿಂಗ್, ಎರಡರ ವ್ಯತ್ಯಾಸ ಮಾತ್ರ ದಾಖಲಾಗುತ್ತದೆ. ಹೊರಗಿನ ಬೆಳಕು ಸ್ವಲ್ಪ ನುಸುಳಿದರೂ ಹೀಗೆ ಕಳೆದುಹೋಗುತ್ತದೆ. ಎಲ್‌ಇಡಿಯನ್ನು ಸುಮ್ನೆ ಉರಿಸುತ್ತಾ ಇಡಬೇಡಿ. ಯುವಿ ಜಾಸ್ತಿ ಬಿದ್ದರೆ ಹೊಳೆಯುವ ವಸ್ತುವೇ ಮಂಕಾಗುತ್ತದೆ.

ಒಂದು ರೀಡಿಂಗ್ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಏಕೆಂದರೆ ಪ್ಲಾಸ್ಟಿಕ್ ಹೊಳೆಯುತ್ತದೆ, ಕೆಲವು ಗಾಜು ಹೊಳೆಯುತ್ತದೆ, ಕೊಳೆತ ಎಲೆಯ ಅಂಶ ಇರುವ ನೀರೂ ಹೊಳೆಯುತ್ತದೆ. ಇವೆಲ್ಲ ಮೊದಲಿಂದಲೂ ಇರುವ ಹೊಳಪು, ಗ್ರಾಫ್‌ನಲ್ಲಿ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗುತ್ತವೆ. ಬ್ಯಾಕ್ಟೀರಿಯಾ ಇದ್ದರೆ ಗೆರೆ ಗಂಟೆಗಟ್ಟಲೆ ಸುಮ್ಮನಿದ್ದು ಆಮೇಲೆ ಬಾಗಿ ಮೇಲೇರುತ್ತದೆ. ನಾನು ನೋಡುವುದು ಆ ಏರಿಕೆಯ ವೇಗವನ್ನು. ಒಳ್ಳೆಯ ಪೋಷಕದಲ್ಲಿ ಇ.ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು, ಹಾಗಾಗಿ ಮೊದಲಲ್ಲಿ 10 ಪಟ್ಟು ಜಾಸ್ತಿ ಇದ್ದರೆ ಏರಿಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಮುಂಚೆಯೇ ಶುರುವಾಗುತ್ತದೆ. ತುಂಬಾ ಕೆಟ್ಟ ನೀರು ಬೇಗ ಸಿಕ್ಕಿಬೀಳುತ್ತದೆ, ನನಗೆ ಈ ವಿಧಾನ ಇಷ್ಟವಾಗಿದ್ದೇ ಅದಕ್ಕೆ.

ಪಕ್ಕದಲ್ಲಿ ಇನ್ನೊಂದು ಬಾಟಲಿ ಇರಲೇಬೇಕು. ಅದೇ ಪುಡಿ, ಆದರೆ ಕ್ರಿಮಿರಹಿತ ನೀರು. ಅದರ ಗೆರೆಯೂ ಏರಿದರೆ ಆ ಪರೀಕ್ಷೆಯನ್ನೇ ಬಿಟ್ಟುಬಿಡಿ. ಕ್ಲೋರಿನ್ ಹಾಕಿದ ನೀರಾದರೆ ಸ್ಯಾಂಪಲ್ ಬಾಟಲಿಯಲ್ಲಿ ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಮೊದಲೇ ಇರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಸತ್ತು ನೀರು ಶುದ್ಧ ಅನ್ನಿಸುತ್ತದೆ. ಕ್ಲೋರಿನ್‌ನಿಂದ ಪೆಟ್ಟು ತಿಂದು ಬದುಕುಳಿದವು ನಿಧಾನವಾಗಿ ಬೆಳೆಯುತ್ತವೆ, ಆದ್ದರಿಂದ ಗೆರೆ ಏರಲಿಲ್ಲ ಅಂತ 24 ಗಂಟೆಗೆ ಮೊದಲು ನಾನು ಹೇಳುವುದಿಲ್ಲ.

ಒ157:ಎಚ್7 ಅನ್ನುವ ಅಪಾಯಕಾರಿ ಇ.ಕೋಲಿ ಬಗೆಯಲ್ಲಿ ಸಾಮಾನ್ಯವಾಗಿ ಈ ಗ್ಲುಕುರೊನಿಡೇಸ್ ಕಿಣ್ವ ಕೆಲಸ ಮಾಡುವುದಿಲ್ಲ, ಹಾಗಾಗಿ ಅದು ಈ ಪೆಟ್ಟಿಗೆಗೆ ಸಿಕ್ಕಿಬೀಳದೆ ಹೋಗಬಹುದು. ವೈರಸ್ ಅಂತೂ ಇಲ್ಲಿ ಕಾಣುವುದೇ ಇಲ್ಲ. ಗೆರೆ ಏರಿದರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ, ಅದೇ ಮೂಲದಿಂದ ಹೊಸ ಸ್ಯಾಂಪಲ್ ಲ್ಯಾಬ್‌ಗೆ ಕಳಿಸುತ್ತೇನೆ. ಪರೀಕ್ಷೆ ಮುಗಿದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಹಾಗೇ ಸಿಂಕ್‌ಗೆ ಸುರಿಯಬೇಡಿ. ಬ್ಲೀಚ್ ಹಾಕಿ ಸಾಕಷ್ಟು ಹೊತ್ತು ಬಿಟ್ಟು ಆಮೇಲೆ ಚೆಲ್ಲಿ, ಕೈಗವಸು ಮರೆಯಬೇಡಿ.